ಹೊಕ್ಕುಳ ನಗಾರಿ

ಫೆಬ್ರವರಿ 3, ಸೋಮವಾರ

ಇವತ್ತು ಬಣ್ಣದ ಕೋಣೆಯಲ್ಲಿ ಮಹಾ ಪ್ರದರ್ಶನ ನಡೆಯಿತು. ಟಿಕೆಟ್ಟಿಲ್ಲ, ಪರದೆಯಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ! ನಮ್ಮ ನಾಟಕ ಕಂಪನಿಯ ಖಾಯಂ ಚಕ್ರವರ್ತಿ, ಎಪ್ಪತ್ತು ವರ್ಷದ ಒಣಕಡ್ಡಿ, ನನ್ನ ಒಡಹುಟ್ಟಿದ ಅಣ್ಣ, ಮೇಕಪ್ ಮೇಜಿನ ಮೇಲೆ ಅಂಗಾತ ಮಲಗಿ, ಅಂಗಿ ಎತ್ತಿ, ಹೊಕ್ಕುಳಿನ ಮೇಲೆ ಒಂದು ಕೋಟಿನ ಗುಂಡಿ ಇಟ್ಟುಕೊಂಡ. ಗುಂಡಿ ಕುಣಿಯತೊಡಗಿತು. ಟಕ್, ಟಕ್, ಟಕ್.

“ನೋಡ್ರಪ್ಪಾ, ನಗಾರಿ!” ಎಂದು ಮಲಗಿದಲ್ಲಿಂದಲೇ ಗುಡುಗಿದ. “ಧ್ವನಿ ಗಂಟ್ಲಲ್ಲಿ ಹುಟ್ಟಲ್ಲ, ಹೊಕ್ಕುಳಲ್ಲಿ ಹುಟ್ಟೋದು ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ಮಾಗಿದ ನಟನ ಹೊಕ್ಕುಳು ತಾನಾಗೇ ಬಡ್ಕೊಳ್ಳತ್ತೆ. ನಲವತ್ತು ವರ್ಷ ಬೇಕು ಇದಕ್ಕೆ!”

ಎಳೆಯ ನಟರೆಲ್ಲ ಕನ್ನಡಿಯ ಮುಂದೆ ಸಾಲಾಗಿ ನಿಂತು ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು. ಮೂರ್ಖರ ಸಂತೆ. ಅವರಲ್ಲೊಬ್ಬಳು ನನ್ನತ್ತ ತಿರುಗಿ, “ಚಿಕ್ಕಪ್ಪಾ, ನಿಮ್ಮದೂ ತೋರ್ಸಿ” ಎಂದಳು. ನಾನು ಬೇಡವೆನ್ನುವಷ್ಟರಲ್ಲಿ ಗುಂಡಿ ನನ್ನ ಬೊಜ್ಜು ಹೊಟ್ಟೆಯ ಮೇಲಿತ್ತು. ಮಹಾರಾಯ, ಅದು ಬಂಡೆಯ ಮೇಲೆ ಬಿದ್ದ ಹಲ್ಲಿಯಂತೆ ಅಲುಗಾಡದೆ ಕೂತಿತು.

“ಪ್ರಾಂಪ್ಟರ್ ಹೊಟ್ಟೇಲಿ ನಗಾರಿ ಎಲ್ಲಿಂದ ಬರ್ಬೇಕು? ಅಲ್ಲಿರೋದು ಬರೀ ಪಿಸುಪಿಸು!” ಎಂದ ಅಣ್ಣ. ಎಲ್ಲರೂ ನಕ್ಕರು.

ನಗಲಿ. ನಲವತ್ತೆರಡು ವರ್ಷದಿಂದ ರಂಗದ ಎಡಬದಿಯ ಪರದೆ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಅವನು ಗರ್ಜಿಸುವ ಒಂದೊಂದು ಮಾತನ್ನೂ ಅವನಿಗಿಂತ ಮೊದಲು ಹೇಳಿದವನು ನಾನು. ಮಾರ್ಚ್ ಇಪ್ಪತ್ತೊಂದಕ್ಕೆ ಹೊಸ ನಾಟಕ. ಎರಡನೇ ಅಂಕದ ಸಿಂಹಾಸನದ ಮಾತಿನಲ್ಲಿ ನಮ್ಮ ಚಕ್ರವರ್ತಿಗಳು ಈಗಾಗಲೇ ನಾಲ್ಕು ಕಡೆ ತಡವರಿಸುತ್ತಿದ್ದಾರೆ. ನಾನು ಬಾಯಿ ಮುಚ್ಚಿದರೆ ಆ ನಗಾರಿ ಏನು ಬಾರಿಸುತ್ತದೋ ನೋಡಬೇಕು.

ಫೆಬ್ರವರಿ 8, ಶನಿವಾರ

ಚಕ್ರವರ್ತಿಗಳ ಗಾಳಿ ಇಳಿಯಿತು!

ರಾಜನ ಸೊಂಟಪಟ್ಟಿಗೆ ಅಳತೆ ತೆಗೆಯುತ್ತಿದ್ದ ಟೈಲರಮ್ಮನಿಗೂ ಅಣ್ಣ ನಗಾರಿ ತೋರಿಸಲು ಹೋದ. ಆಕೆ ಟೇಪು ಕೆಳಗಿಟ್ಟಳು. “ನಮ್ಮಪ್ಪಂಗೂ ಹಿಂಗೇ ಬಡ್ಕೊಳ್ತಿತ್ತು. ಹೊಟ್ಟೇಲಿರೋ ದೊಡ್ಡ ರಕ್ತನಾಳ ಬಲೂನಿನ ಥರ ಊದ್ಕೊಂಡಿತ್ತಂತೆ. ಯಾರಿಗೂ ಗೊತ್ತಿರ್ಲಿಲ್ಲ. ಒಂದಿನ ಸ್ನಾನಕ್ಕೆ ಹೋದೋರು ಬಚ್ಚಲಲ್ಲೇ ಕುಸಿದ್ರು. ಹೊರಗೆ ಒಂದು ಹನಿ ರಕ್ತ ಇಲ್ಲ, ಎಲ್ಲಾ ಒಳಗೇ.”

ಅಣ್ಣನ ಮುಖಕ್ಕೆ ಆ ಬಿಳುಪನ್ನು ಯಾವ ಮೇಕಪ್‌ನವನೂ ಬಳಿದಿರಲಾರ. ಮನೆಗೆ ಬರುವ ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ತುಂಬು ಬಸುರಿಯ ಹಾಗೆ ಹೆಜ್ಜೆ ಎಣಿಸಿದ. ಯುದ್ಧಭೂಮಿಯಲ್ಲಿ ಸಾವಿರ ಸಲ ಸತ್ತವನು, ಒಂದು ಟೇಪಿನ ಮುಂದೆ ಸೋತ. ಅತ್ತಿಗೆ ಕೂಡಲೇ ಫೋನು ಹಚ್ಚಿ ಬುಧವಾರಕ್ಕೆ ಸ್ಕ್ಯಾನ್ ಗೊತ್ತುಮಾಡಿದರು. ನಾನೂ ಹೋಗುತ್ತೇನೆ. ಇಂಥ ಪ್ರಹಸನ ತಪ್ಪಿಸಿಕೊಂಡರೆ ದೇವರು ಮೆಚ್ಚಲಾರ.

ಫೆಬ್ರವರಿ 12, ಬುಧವಾರ

ಬರೆದು ಮುಗಿಸಿಬಿಡುತ್ತೇನೆ.

ಕಿರಿದಾದ ಕೋಣೆ. ಒಂದು ಮಂಚ, ಒಂದು ಟಿವಿಯಂಥ ಯಂತ್ರ, ಕಿಟಕಿಗೆ ಕಪ್ಪು ಬಟ್ಟೆ. ಸ್ಕ್ಯಾನ್ ಮಾಡುವ ಹೆಣ್ಣುಮಗಳು ಅಣ್ಣನ ಹೊಟ್ಟೆಗೆ ತಣ್ಣನೆಯ ಅಂಟು ಬಳಿದಳು. ಅವನು ಕೊನೆಯ ಅಂಕದ ಧ್ವನಿಯಲ್ಲಿ, “ತಾಯೀ, ಸತ್ಯ ಹೇಳು. ಎಷ್ಟು ದಿನ?” ಎಂದ. ನಾನು ಗೋಡೆಯ ಕಡೆ ತಿರುಗಿ ನಕ್ಕೆ.

“ಏನೂ ಇಲ್ಲ ಅಂಕಲ್. ನಾಳದ ಅಗಲ ಹತ್ತೊಂಬತ್ತು ಮಿಲಿಮೀಟರ್, ನಾರ್ಮಲ್. ನೀವು ತುಂಬಾ ತೆಳ್ಳಗಿದೀರಿ, ಅದಕ್ಕೇ ಬಡಿತ ಹೊರಗೆ ಕಾಣತ್ತೆ.”

ಹಾ! ನಲವತ್ತು ವರ್ಷದ ಸಾಧನೆಯ ನಗಾರಿ! ಅನ್ನ ತಿನ್ನದವನ ಹೊಟ್ಟೆ! ನಾನು ಬಾಯಿಬಿಟ್ಟು ನಕ್ಕೆ. ನಗುವಾಗ ಕೆಮ್ಮು ಬಂತು. ಕೆಮ್ಮು ಕೇಳಿ ಆಕೆ ನನ್ನತ್ತ ತಿರುಗಿದಳು.

“ನೀವು ಇವರ ತಮ್ಮನಾ? ವಯಸ್ಸು?”

“ಅರವತ್ತೇಳು.”

“ಸಿಗರೇಟು?”

“ಅದೊಂದೇ ನನ್ನ ಮಾತು ಕೇಳೋದು.”

“ನಿಮ್ಮ ತಂದೆ ಹೇಗೆ ತೀರ್ಕೊಂಡ್ರು?”

ಅಣ್ಣನೇ ಉತ್ತರಿಸಿದ. ಅಪ್ಪ ಅರವತ್ಮೂರಕ್ಕೆ, ಊಟಕ್ಕೆ ಕೂತವರು “ಬೆನ್ನು” ಎಂದು, ಬೆವೆತು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಎಲ್ಲರೂ ಹಾರ್ಟು ಅಂದರು.

“ಯಾರಾದ್ರೂ ನೋಡಿ ಹೇಳಿದ್ರಾ, ಹಾರ್ಟು ಅಂತ?” ಎಂದಳು ಆಕೆ. ಅಣ್ಣ ಇಲ್ಲವೆಂದು ತಲೆಯಾಡಿಸಿದ. “ಅಂಕಲ್, ನೀವೂ ಒಂದೈದು ನಿಮಿಷ ಮಲಗಿ. ಗಂಡಸರು, ಅರವತ್ತೈದು ದಾಟಿದವರು, ಸಿಗರೇಟು ಸೇದಿದವರು, ಮನೇಲಿ ಯಾರಾದ್ರೂ ಹೀಗೆ ದಿಢೀರ್ ಅಂತ ಹೋದವರು. ನೀವು ಪೂರ್ತಿ ಪಟ್ಟೀನೇ ಇದೀರಿ.”

ಇವಳನ್ನೂ ಒಂದು ಕೈ ನೋಡಿಯೇಬಿಡೋಣ ಎಂದು ಮಲಗಿದೆ. ಆಕೆ ಆ ಸಾಧನವನ್ನು ಹೊಟ್ಟೆಗೆ ಒತ್ತಿದಳು. ಮಾತಾಡುತ್ತಿದ್ದವಳು ಮಾತು ನಿಲ್ಲಿಸಿದಳು. ಒಮ್ಮೆ ಅಳೆದಳು. ಮತ್ತೆ ಅಳೆದಳು. ಪಕ್ಕಕ್ಕೆ ತಿರುಗಿ ಮಲಗಲು ಹೇಳಿ ಮೂರನೇ ಸಲ ಅಳೆದಳು. ಮೌನದ ವ್ಯಾಪಾರದಲ್ಲೇ ಬಾಳು ಸವೆಸಿದವನು ನಾನು. ಮರೆತ ಮೌನ ಯಾವುದು, ಗೊತ್ತಿದ್ದೂ ಹೇಳದ ಮೌನ ಯಾವುದು ಎಂದು ನನಗೆ ಯಾರೂ ಕಲಿಸಬೇಕಿಲ್ಲ.

ಐವತ್ತೊಂಬತ್ತು ಮಿಲಿಮೀಟರ್.

ಫೆಬ್ರವರಿ 13

ನೋವಿಲ್ಲ. ಬಡಿತವಿಲ್ಲ. ಏನೆಂದರೆ ಏನೂ ಇಲ್ಲ. ಯಂತ್ರ ಕೆಟ್ಟಿದೆ.

ಫೆಬ್ರವರಿ 17, ಸೋಮವಾರ

ಎರಡನೇ ಯಂತ್ರವೂ ಕೆಟ್ಟಿದೆಯಂತೆ. ಅದೂ ಅಷ್ಟೇ ಹೇಳಿತು.

ಸರ್ಜನ್ ಎಂಬಾತ ನನ್ನ ಅರ್ಧ ವಯಸ್ಸಿನವನು. ಚೀಟಿಯ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒಂದು ಪೈಪು ಬರೆದು, ನಡುವೆ ಒಂದು ನಿಂಬೆಹಣ್ಣು ಬರೆದ. ಚಿತ್ರ ಬರೆಯಲು ಬಾರದವನ ಕೈಗೆ ಚಾಕು ಕೊಟ್ಟಿದ್ದಾರೆ!

“ಯಜಮಾನ್ರೇ, ಇದು ಮಹಾಪಧಮನಿ. ಹೃದಯದಿಂದ ಇಳಿದು ಹೊಟ್ಟೆ ಮೂಲಕ ಕಾಲಿಗೆ ಹೋಗೋ ದೊಡ್ಡ ನಾಳ. ಎರಡು ಸೆಂಟಿಮೀಟರ್ ಇರ್ಬೇಕಾದ್ದು ಆರರ ಹತ್ತಿರ ಬಂದಿದೆ. ಗೋಡೆ ಸವೆದಿದೆ. ಚಿಕ್ಕದಿದ್ರೆ ಸ್ಕ್ಯಾನ್ ಮಾಡ್ತಾ ಕಾಯ್ತೀವಿ. ಗಂಡಸರಿಗೆ ಐದೂವರೆ ದಾಟಿದ್ರೆ ರಿಪೇರಿ ಮಾಡೋದೇ ಕ್ಷೇಮ.”

“ನನಗೆ ನೋವೇ ಇಲ್ವಲ್ಲ?”

“ಇದು ನೋವು ಕೊಡೋದು ಒಡೆಯೋವಾಗ. ಒಡೆದ ಮೇಲೆ ತುಂಬಾ ಜನ ಆಸ್ಪತ್ರೆ ಬಾಗಿಲು ನೋಡೋದೇ ಇಲ್ಲ. ಹೊಟ್ಟೇಲೋ ಬೆನ್ನಲ್ಲೋ ಇದ್ದಕ್ಕಿದ್ದ ಹಾಗೆ ಭಾರೀ ನೋವು, ತಲೆಸುತ್ತು, ತಣ್ಣನೆ ಬೆವರು ಬಂದ್ರೆ ಕಾಯ್ಬೇಡಿ. ಸೀದಾ ಇಲ್ಲಿಗೆ ಬನ್ನಿ.”

ಹೊಟ್ಟೆ ತೆರೆದು ಆ ಭಾಗಕ್ಕೆ ಹೊಸ ಕೊಳವೆ ಹೊಲಿಯುವುದು ಒಂದು ದಾರಿಯಂತೆ. ತೊಡೆಸಂದಿನ ರಕ್ತನಾಳದಿಂದ ಮಡಿಸಿದ ಕೊಳವೆಯೊಂದನ್ನು ಮೇಲಕ್ಕೆ ತಳ್ಳಿ, ಒಳಗೇ ಬಿಚ್ಚಿ ಕೂರಿಸುವುದು ಇನ್ನೊಂದು. ನನ್ನ ನಾಳದ ಆಕಾರಕ್ಕೆ ಎರಡನೆಯದು ಹೊಂದುತ್ತದಂತೆ.

ಮಾರ್ಚ್ ಇಪ್ಪತ್ತೊಂದಕ್ಕೆ ನಾಟಕವಿದೆ, ಆಮೇಲೆ ನೋಡೋಣ ಎಂದೆ. “ಬೇಗ ಮಾಡಿಸೋದು ಒಳ್ಳೇದು. ತಾರೀಖು ನೀವು ಹೇಳ್ಬೇಕು, ನಿಜ. ಆದ್ರೆ ಆ ನಾಳ ನಿಮ್ಮನ್ನೂ ಕೇಳಲ್ಲ, ನನ್ನನ್ನೂ ಕೇಳಲ್ಲ” ಎಂದ. “ಸಿಗರೇಟು ಬಿಡೋಕೆ ಮಾತ್ರ ಯಾವ ತಾರೀಖೂ ಬೇಡ. ಇವತ್ತೇ ಬಿಡಿ.” ಬಿ.ಪಿ.ಗೆ ಮಾತ್ರೆ ಬರೆದುಕೊಟ್ಟ. ಹೊರಗೆ ಬಂದು, ಅವನ ಕಿಟಕಿಗೆ ಎದುರಾಗಿ ನಿಂತು ಒಂದು ಹಚ್ಚಿದೆ. ಇವತ್ತು ಎಂಟು ಸೇದಿದೆ. ಎಂದೂ ಎಣಿಸಿದವನಲ್ಲ, ಯಾಕೆ ಎಣಿಸಿದೆನೋ.

ಫೆಬ್ರವರಿ 20, ಗುರುವಾರ

ಅಣ್ಣ ಅಳುತ್ತಾನೆ. ಅದೂ ಜನರಿದ್ದಾಗ. “ಬೂದಿ ಮುಚ್ಚಿದ ಕೆಂಡ ಕಣ್ರಯ್ಯಾ ನನ್ನ ತಮ್ಮನ ಹೊಟ್ಟೆ!” ಎಂದು ತಾಲೀಮಿನಲ್ಲಿ ಎಲ್ಲರಿಗೂ ಸಾರಿದ. ನನ್ನ ರೋಗದಲ್ಲೂ ಇವನೇ ನಾಯಕ! ಈಗ ಎಲ್ಲರೂ ನನ್ನನ್ನು ಗಾಜಿನ ಸಾಮಾನಿನಂತೆ ನೋಡುತ್ತಾರೆ. ಸ್ಟೂಲಿಗೆ ಯಾರೋ ದಿಂಬು ಹಾಕಿದ್ದಾರೆ. ಒದ್ದು ಬಿಸಾಡಿದೆ.

ಮನೆಗೆ ಬಂದರೆ ನನ್ನ ಅಂಗಿಯ ಜೇಬಿನಲ್ಲಿ ಸಿಗರೇಟಿಲ್ಲ. ಅಲ್ಲಿ ಹುರಿದ ಕಡಲೆಕಾಯಿ! ಅತ್ತಿಗೆಯನ್ನು ಕೇಳಿದೆ. “ನನ್ನನ್ನ ಕೇಳ್ಬೇಡಿ. ನಿಮ್ಮಣ್ಣಂಗೆ ಗೊತ್ತು” ಎಂದರು. ಅಂಗಡಿಗೆ ಹೋಗಿ ಹೊಸ ಪ್ಯಾಕು ತಂದೆ. ಅರ್ಧ ಸೇದಿ ಬಿಸಾಡಿದೆ. ಈಚೆಗೆ ತಂಬಾಕಿಗೆ ಏನು ಬೆರೆಸುತ್ತಾರೋ, ಬಾಯಿ ಕಹಿ. ಕಡಲೆಕಾಯಿ ಪರವಾಗಿಲ್ಲ.

ಫೆಬ್ರವರಿ 25, ಮಂಗಳವಾರ

ಅಣ್ಣನಿಗೂ ನನಗೂ ಜಟಾಪಟಿ.

“ನಾಳೇನೇ ಹೋಗಿ ಸೇರ್ಕೋ.”

“ನಿನಗೆ ಮಾತು ಯಾರು ಕೊಡೋದು? ಆ ಟೈಲರಮ್ಮನ್ನ ಕೂರಿಸ್ತೀಯಾ? ಬಸ್ಸಿನ ಬೋರ್ಡು ಓದೋ ಹಾಗೆ ಓದ್ತಾಳೆ.”

“ನನ್ನ ಮಾತು ಹಾಳಾಗ್ಲಿ! ನಿನ್ನ ಹೊಟ್ಟೆ—”

“ನನ್ನ ಹೊಟ್ಟೆ ಸುದ್ದಿ ಬಿಡು. ಎರಡನೇ ಅಂಕ ಶುರುವಾಗಿ ಹತ್ತು ನಿಮಿಷಕ್ಕೆ ಮೂಕನಾಗ್ತೀಯ. ಜನ ಚಪ್ಪಲಿ ಎಸೀತಾರೆ.”

ಅವನು ಏನೋ ಹೇಳಲು ಬಾಯಿ ತೆರೆದ. ಅತ್ತಿಗೆಯ ಮುಖ ನೋಡಿ ಮುಚ್ಚಿಕೊಂಡ. ಸತ್ಯ ಕಹಿಯಾಗಿಯೇ ಇರುತ್ತದೆ. ನಾನಿಲ್ಲದೆ ಇವನು ಒಂದು ಕಿರೀಟ ಮತ್ತು ಒಂದು ಗಡ್ಡ, ಅಷ್ಟೇ.

ಫೆಬ್ರವರಿ 27, ಗುರುವಾರ

ಬರೆದ ಹಾಳೆಯನ್ನು ಎರಡು ಸಲ ಹರಿದುಹಾಕಿದೆ. ಸಿಟ್ಟಿಗೆ.

ಇವತ್ತು ಬಣ್ಣ ಹಚ್ಚಿ, ಉಡುಪು ತೊಟ್ಟು ಪೂರ್ತಿ ತಾಲೀಮು. ಚಕ್ರವರ್ತಿಗಳಿಗೆ ಒಂದು ಪಾಠ ಕಲಿಸೋಣವೆಂದು ನಿರ್ಧರಿಸಿಯೇ ಸ್ಟೂಲಿನ ಮೇಲೆ ಕೂತಿದ್ದೆ. ಎರಡನೇ ಅಂಕ. ಅಣ್ಣ ಸಿಂಹಾಸನ ಏರಿದ. “ಈ ಸಿಂಹಾಸನ ಮರದ್ದಲ್ಲ ಮಂತ್ರಿ, ನನ್ನ ಬೆನ್ನುಮೂಳೆಯದು! ನಾನು ಎದ್ದರೆ...” ಎಂದು ಎಂದಿನ ಜಾಗದಲ್ಲಿ ನಿಂತ.

ನಾನು ಬಾಯಿ ತೆರೆಯಲಿಲ್ಲ.

“ನಾನು ಎದ್ದರೆ...” ಎಂದ ಮತ್ತೆ. ನಾನು ಹಸ್ತಪ್ರತಿಯನ್ನು ಮಡಿಲಲ್ಲಿಟ್ಟು ಕಣ್ಣುಮುಚ್ಚಿದೆ. ಆಹಾ, ಎಂಥ ಸುಖ! ಒದ್ದಾಡಲಿ, ಬೆವರಲಿ, ಬಣ್ಣ ಇಳಿಯಲಿ!

ಧಡ್ ಎಂಬ ಸದ್ದು. ಸಿಂಹಾಸನ ಉರುಳಿದ ಸದ್ದು. ಕಿರೀಟ ನೆಲದ ಮೇಲೆ ಗಿರಗಿರನೆ ತಿರುಗಿದ ಸದ್ದು. ಕಣ್ಣು ಬಿಡುವಷ್ಟರಲ್ಲಿ ಅಣ್ಣ ಪರದೆ ಹರಿದುಕೊಂಡು ನನ್ನ ಮೇಲೆ ಬಿದ್ದಿದ್ದ. “ಒಡೀತು! ನನ್ನ ತಮ್ಮಂದು ಒಡೆದೇಹೋಯ್ತು! ಗಾಡಿ ತರ್ಸ್ರೋ!” ನನ್ನ ಕೆನ್ನೆಗೆ ಹೊಡೆಯುತ್ತಾನೆ, ಹೊಟ್ಟೆಯ ಮೇಲೆ ಕಿವಿಯಿಡುತ್ತಾನೆ, ಅಂಟಿಸಿದ ಗಡ್ಡ ಅರ್ಧ ನನ್ನ ಬಾಯಲ್ಲಿ!

“ಏಳಯ್ಯ ಮೇಲೆ! ನಾನು ಸುಮ್ನೆ ಕೂತಿದ್ದೆ.”

“ಸುಮ್ನೆ?”

“ಸುಮ್ನೆ. ನಿನಗೆ ಬುದ್ಧಿ ಬರ್ಲಿ ಅಂತ.”

ಇಡೀ ಕಂಪನಿ ಸುತ್ತ ನಿಂತಿತ್ತು. ಅಣ್ಣ ನೆಲದಲ್ಲಿ ಕೂತೇ ನನ್ನನ್ನು ನೋಡಿದ. ಆಮೇಲೆ ಶುರುಮಾಡಿದ, ಗರ್ಜಿಸದೆ, ಹಲ್ಲು ಕಚ್ಚಿಕೊಂಡು: “ನಾನು ಎದ್ದರೆ ಅದು ಮುರಿಯುತ್ತದೆ, ಕೂತರೆ ನಾನು. ಇದು ತಾನೇ ನಿನ್ನ ಮಾತು? ಇನ್ನೊಂದು ಬೇಕಾ? ತಗೋ!” ನಾಲ್ಕು ಕಡೆಯ ನಾಲ್ಕು ಮಾತೂ ಬಂದವು. ಅಂಕದ ಕೊನೆಯವರೆಗೆ, ಒಂದು ಅಕ್ಷರ ತಪ್ಪದೆ. ಮಂತ್ರಿಯ ಮಾತು, ರಾಣಿಯ ಮಾತು, ಕಾವಲುಗಾರನ “ಅಪ್ಪಣೆ” ಕೂಡ.

“ಎಲ್ಲಾ ಬರತ್ತೆ ನಂಗೆ!” ಎಂದ. “ಯಾವತ್ತೂ ಬರ್ತಿತ್ತು!”

“ಮತ್ಯಾಕೆ ನಿಲ್ತಿದ್ದೆ?”

ಅವನು ಜೋತಾಡುತ್ತಿದ್ದ ಗಡ್ಡವನ್ನು ಒತ್ತಿ ಅಂಟಿಸಿಕೊಳ್ಳತೊಡಗಿದ. ಸೂಜಿ ಹಿಡಿದು ನಿಂತಿದ್ದ ಟೈಲರಮ್ಮ ಉತ್ತರ ಕೊಟ್ಟಳು. ನನ್ನ ಹೆಂಡತಿ ತೀರಿಕೊಂಡ ವರ್ಷ, ನಾನು ಊಟ ಬಿಟ್ಟು ಗೋಡೆ ನೋಡುತ್ತಿದ್ದಾಗ, ಕಂಪನಿಯವರು ಪ್ರಾಂಪ್ಟರ್ ಇನ್ನು ಬೇಡವೆಂದು ತೀರ್ಮಾನಿಸಿದ್ದರಂತೆ. ಮರುದಿನದ ಆಟದಲ್ಲೇ ಅಣ್ಣ ಮೊದಲ ಸಲ ಮಾತು ಮರೆತನಂತೆ. “ತಮ್ಮ ಇಲ್ದೆ ನಂಗಾಗಲ್ಲ” ಎಂದನಂತೆ.

ಹನ್ನೊಂದು ವರ್ಷ.

ಎಲ್ಲರಿಗೂ ಗೊತ್ತಿತ್ತು. ನನ್ನೊಬ್ಬನಿಗೆ ಬಿಟ್ಟು.

ಮಾರ್ಚ್ 1

ಭಿಕ್ಷೆ! ಹನ್ನೊಂದು ವರ್ಷ ನಾನು ಉಂಡಿದ್ದು ಭಿಕ್ಷೆ! ಛೀ! ಎಂಥ ನಟನಯ್ಯ ನೀನು. ಊರಿಗೆಲ್ಲ ಮರೆವಿನ ಮುದುಕನೆನಿಸಿಕೊಂಡು, ಪತ್ರಿಕೆಯವರು “ನೆನಪು ಕೈಕೊಟ್ಟ ರಾಜ” ಎಂದು ಬರೆದಾಗಲೂ ತುಟಿ ಬಿಚ್ಚದೆ, ನನ್ನ ಬೈಗುಳಕ್ಕೆಲ್ಲ ತಲೆ ತಗ್ಗಿಸಿ! ಇಂಥ ಅಭಿನಯಕ್ಕೆ ನಾಚಿಕೆಯಾಗಬೇಕು.

ಊಟ ಮಾಡಲಿಲ್ಲ. ಬಾಗಿಲ ಹೊರಗೆ ಯಾರೋ ತುಂಬಾ ಹೊತ್ತು ನಿಂತಿದ್ದರು. ನಿಲ್ಲಲಿ.

ಮಾರ್ಚ್ 3, ಸೋಮವಾರ

ಸರ್ಜನ್ ಬಳಿ ಒಬ್ಬನೇ ಹೋಗಿ, “ಹತ್ತನೇ ತಾರೀಖಿಗೆ ಹಾಕಿ” ಎಂದೆ.

“ನಾಟಕ?”

“ನಾಟಕದವರಿಗೆ ನಾನು ಬೇಡವಂತೆ. ಎಲ್ಲಾ ಬಾಯಿಪಾಠವಂತೆ. ನಾನಿಲ್ದೆ ಆಡ್ಲಿ, ನೋಡೇಬಿಡೋಣ.”

ಆತ ನಕ್ಕ. “ಯಾವ ಕಾರಣಕ್ಕಾದ್ರೂ ಸರಿ, ಬಂದ್ರಲ್ಲ.” ಅಧಿಕಪ್ರಸಂಗಿ. ಸಿಗರೇಟು ಕೇಳಿದ. ಸುಳ್ಳು ಹೇಳುವ ಅಗತ್ಯ ಕಾಣಲಿಲ್ಲ. ಬೆಂಕಿಪೊಟ್ಟಣ ಎಲ್ಲಿಟ್ಟೆನೋ, ನಾಲ್ಕು ದಿನದಿಂದ ಸಿಕ್ಕಿಲ್ಲ.

ಮಾರ್ಚ್ 9, ಭಾನುವಾರ

ಆಸ್ಪತ್ರೆ. ಆರು ಮಂಚದ ವಾರ್ಡು. ಬೆಳಿಗ್ಗೆಯಿಂದ ಆರು ಸಲ ರಕ್ತ, ಮೂರು ಸಲ ಹೆಸರು, ಎರಡು ಸಲ ಹಲ್ಲು ಕಟ್ಟಿಸಿದ್ದೋ ಸ್ವಂತದ್ದೋ ಎಂಬ ಪ್ರಶ್ನೆ. ಪಕ್ಕದ ಮಂಚದವನಿಗೆ ಕಾಲಿನ ನಾಳ ಕಟ್ಟಿದೆಯಂತೆ. ಕೇಳದೆಯೇ ತನ್ನ ಕಥೆಯೆಲ್ಲ ಹೇಳಿದ. ಹೇಳಲು ಬಾರದು. ಕೊನೆಯನ್ನು ಮೊದಲೇ ಹೇಳಿಬಿಡುತ್ತಾನೆ. ಹೇಗೆ ಹೇಳಬೇಕೆಂದು ತಿದ್ದಿಕೊಟ್ಟೆ. ಎರಡನೇ ಸಲ ಪರವಾಗಿರಲಿಲ್ಲ.

ಅಣ್ಣ ಮಧ್ಯಾಹ್ನದಿಂದ ಹೊರಗಿನ ಬೆಂಚಿನಲ್ಲಿ ಕೂತಿದ್ದಾನೆ. ನಾನು ಒಳಗೆ ಕರೆದಿಲ್ಲ. ಒಪ್ಪಿಗೆಯ ಕಾಗದಕ್ಕೆ ಹತ್ತಿರದ ಸಂಬಂಧಿಯ ಸಹಿ ಬೇಕೆಂದು ನರ್ಸಮ್ಮ ಕೇಳಿದಳು. “ಹೊರಗೊಬ್ಬ ಮುದುಕ ಕೂತಿದಾನೆ, ಅವನ ಹತ್ರ ಹಾಕಿಸ್ಕೊಳ್ಳಿ” ಎಂದೆ. “ಯಾರು ಅವರು ನಿಮಗೆ?” ಎಂದಳು. ಇದೊಳ್ಳೆ ಪ್ರಶ್ನೆ. ಅವನಿಗೆ ತಣ್ಣನೆ ಬೆಂಚು ಆಗುವುದಿಲ್ಲ, ಬೆನ್ನಿಗೆ ಏನಾದರೂ ಕೊಡಿ ಎಂದೆ. ನಾಳೆ ಅವನ ಬೆನ್ನುನೋವಿನ ಗೋಳು ಯಾರು ಕೇಳುತ್ತಾರೆ?

ಅಪ್ಪನ ನೆನಪಾಯಿತು. ಹಾರ್ಟಲ್ಲ ಅನಿಸುತ್ತದೆ. ಆ ಕಾಲಕ್ಕೆ ಹೊಟ್ಟೆಯೊಳಗೆ ನೋಡುವ ಯಂತ್ರವಿರಲಿಲ್ಲ. ಇದ್ದಿದ್ದರೂ ಅಪ್ಪ ಹೋಗುತ್ತಿರಲಿಲ್ಲ, ಬಿಡಿ. ನಮ್ಮದು ಮೊಂಡರ ವಂಶ.

ಪೆನ್ನು ಸರಿಯಿಲ್ಲ. ಅಕ್ಷರ ಅಲುಗುತ್ತದೆ.

ಮಾರ್ಚ್ 12

ಇದ್ದೇನೆ.

ಎರಡೂ ತೊಡೆಸಂದಿಗೆ ಪಟ್ಟಿ. ನಿಂಬೆಹಣ್ಣಿನೊಳಗೆ ಹೊಸ ಕೊಳವೆ ಕೂತಿದೆಯಂತೆ. ಸರ್ಜನ್ ಮತ್ತೆ ಚಿತ್ರ ಬರೆದು ತೋರಿಸಿದ. ಕೈ ಸ್ವಲ್ಪ ಸುಧಾರಿಸಿದೆ.

ಮಾರ್ಚ್ 14, ಶುಕ್ರವಾರ

ಮನೆಗೆ ಬಂದೆ. ಭಾರ ಎತ್ತಬಾರದು, ಬಿ.ಪಿ. ಮಾತ್ರೆ ತಪ್ಪಬಾರದು, ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಾಳೆಲ್ಲ ಸ್ಕ್ಯಾನ್ ಮಾಡಿಸುತ್ತಿರಬೇಕು. ವರ್ಷವರ್ಷವೂ ಆ ಹೆಣ್ಣುಮಗಳ ಮುಖ ನೋಡಬೇಕು! ಅತ್ತಿಗೆ ಮಾತ್ರೆಗಳನ್ನು ಬೆಳಗಿನದು, ಸಂಜೆಯದು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟಿದ್ದಾರೆ.

ಅಣ್ಣ ಬಾಗಿಲಲ್ಲಿ ನಿಂತು, “ಒಳಗೆ ಬರ್ಲಾ?” ಎಂದ. ಅವನದೇ ಮನೆ! “ನಿನ್ನ ಮನೇಲಿ ನನ್ನನ್ಯಾಕೆ ಕೇಳ್ತೀಯ?” ಎಂದೆ. ಬಂದು ಕಾಲ ಬಳಿ ಕೂತ. ಜೇಬಿನಿಂದ ಪೊಟ್ಟಣ ತೆಗೆದ. ಕಡಲೆಕಾಯಿ ತಿಂದೆವು. ಸಿಪ್ಪೆಯನ್ನೆಲ್ಲ ನನ್ನ ಹೊದಿಕೆಯ ಮೇಲೇ ಹಾಕಿದ.

ಮಾರ್ಚ್ 21, ಶುಕ್ರವಾರ

ಮೂರೂವರೆಯ ಆಟಕ್ಕೆ ಹೋದೆ. ನಾಲ್ಕನೇ ಸಾಲು, ನಡುವಿನ ಕುರ್ಚಿ. ಪಕ್ಕದಲ್ಲಿ ಕೂತವನ ಮೈಯೆಲ್ಲ ಸಿಗರೇಟಿನ ನಾತ. ಸೇದುವವರಿಗೆ ಮಾನ ಮರ್ಯಾದೆ ಒಂದೂ ಇರುವುದಿಲ್ಲ. “ವಯಸ್ಸೆಷ್ಟು?” ಎಂದೆ. ಅರವತ್ತಾರಂತೆ. ಹೊಟ್ಟೆ ಸ್ಕ್ಯಾನ್ ಮಾಡಿಸಿದೀರಾ ಎಂದೆ. ನನಗೇನೂ ನೋವಿಲ್ಲ ಸ್ವಾಮಿ ಎಂದ. ದಡ್ಡ! ಅವನ ಟಿಕೆಟ್ಟಿನ ಹಿಂದೆ ಸ್ಕ್ಯಾನ್ ಕೋಣೆಯ ವಿಳಾಸ ಬರೆದುಕೊಟ್ಟೆ. ಹೋಗದಿದ್ದರೆ ಒಳಗೊಳಗೇ ಹೇಗೆ ಒಡೆಯುತ್ತದೆಂಬುದನ್ನು ಪರದೆ ಏಳುವವರೆಗೂ ವರ್ಣಿಸಿದೆ. ಬೆವರಿದ. ಹೋಗುತ್ತಾನೆ.

ಪರದೆ ಎದ್ದಿತು.

ನಲವತ್ತೆರಡು ವರ್ಷ ನಾನು ನೋಡಿದ್ದು ಅಣ್ಣನ ಎಡಗಿವಿ, ಎಡಭುಜ, ಬೆನ್ನು. ಇವತ್ತು ಮುಖ ಕಂಡಿತು. ಅವನು ಕಣ್ಣಿನಲ್ಲಿ ಇಷ್ಟೆಲ್ಲ ಮಾಡುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. “ನಾನು ಎದ್ದರೆ ಅದು ಮುರಿಯುತ್ತದೆ” ಎಂದು, ಎಲ್ಲೂ ನಿಲ್ಲದೆ, ಹೊಳೆಯಂತೆ ಹರಿದ. ಕೈ ತುಂಬಾ ಬೀಸುತ್ತಾನೆ. ಮೂರನೇ ಅಂಕದಲ್ಲಿ ಅತಿಯಾಯಿತು. ಸಾಯುವಾಗ ಅಷ್ಟು ಹೊತ್ತು ಯಾರೂ ಸಾಯುವುದಿಲ್ಲ. ಸಭಾಂಗಣದಲ್ಲಿ ವಿಪರೀತ ಧೂಳು. ಎರಡು ಸಲ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಗುಡಿಸುವವರಿಗೆ ಹೇಳಬೇಕು.

ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಅರ್ಧ ಗಡ್ಡ ಕಿತ್ತು ಕೂತಿದ್ದ. ಎಳೆಯ ನಟರೆಲ್ಲ ಸುತ್ತ ನಿಂತು ಹೊಗಳುತ್ತಿದ್ದರು. ಅವನು ಯಾರ ಮಾತೂ ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ, ಪರೀಕ್ಷೆಯ ಫಲಿತಾಂಶಕ್ಕೆ ಬಂದವನ ಹಾಗೆ.

“ಹೇಗಿತ್ತೋ?”

ಬೈಯಲು ಎಷ್ಟೆಲ್ಲ ಸಿದ್ಧಮಾಡಿಕೊಂಡು ಹೋಗಿದ್ದೆ. ಕೈ ಬೀಸುವುದು, ಆ ಸಾಯುವುದು.

“ಒಂದೇ ಸಲಕ್ಕೆ ಹೇಗೆ ಹೇಳೋದು?” ಎಂದೆ. “ನಾಳೇನೂ ನೋಡ್ತೀನಿ. ಆಮೇಲೆ ಹೇಳ್ತೀನಿ.”